ಪ್ರವಾಸದ ಬಿಸಿನೀರು



ಆರೋಗ್ಯದ ವಿಷಯ ಮಾತನಾಡಲು ಸಾಮಾನ್ಯವಾಗಿ ಡಾಕ್ಟರರನ್ನು ಕರೆಯುವುದು ಪದ್ಧತಿ. ನಾನು ಡಾಕ್ಟರನಲ್ಲ. ಎಸ್.ಎಸ್.ಎಲ್.ಸಿ. ಮುಗಿಸಿ ಬ್ಯಾಂಕಿಗೆ ಸೇರಿ, ಕಾಸರಗೋಡು ಕಡೆಯ ನಾಲ್ಕಾರು ಶಾಖೆಗಳಲ್ಲಿ 36 ವರ್ಷ ಗುಮಾಸ್ತನಾಗಿ ದುಡಿದು ನಿವೃತ್ತನಾದವನು. ಆದರೂ ಈ ವಿಷಯ ಮಾತನಾಡಲು ಒಪ್ಪಿಕೊಂಡದ್ದಕ್ಕೆ ಕಾರಣ ನಮ್ಮ ಕುಟುಂಬದಲ್ಲಿ ನಡೆದ ಒಂದು ಸಂಗತಿ. ಅದರಲ್ಲಿ ನನ್ನದೇ ಒಂದು ತಪ್ಪೂ ಉಂಟು. ಅದನ್ನು ಮುಚ್ಚಿಡದೆ ಹೇಳುತ್ತೇನೆ. ಪಕ್ಕದ ಮನೆಯವನೊಬ್ಬ ಜಗಲಿಯಲ್ಲಿ ಕುಳಿತು ಹೇಳುತ್ತಿದ್ದಾನೆಂದು ತಿಳಿದು ಕೇಳಿ.

ಬಿಸಿನೀರು ಎಂದರೆ ನಮ್ಮ ಕಡೆಯವರಿಗೆ ಎಷ್ಟು ಪ್ರೀತಿ ಎಂದು ನಿಮಗೆ ಗೊತ್ತು. ಆಟಿ ತಿಂಗಳ ಮಳೆಯಲ್ಲಿ ತೋಟ ಸುತ್ತಿ ಬಂದವನಿಗೆ ಬಚ್ಚಲುಮನೆಯ ಹಂಡೆಯಲ್ಲಿ ಕಾದ ನೀರು, ಒಲೆಯಲ್ಲಿ ತೆಂಗಿನ ಸಿಪ್ಪೆಯ ಕೆಂಡ, ಕೈಯಲ್ಲೊಂದು ಚೆಂಬು ಇದ್ದರೆ ಬೇರೆ ಸುಖ ಬೇಡ. ಆ ಸ್ನಾನದಲ್ಲಿ ಒಂದು ವಿಶೇಷ ಉಂಟು. ನಾನು ಅದನ್ನು ಅರುವತ್ತು ವರ್ಷ ಗಮನಿಸಿರಲಿಲ್ಲ. ತಲೆಗೆ ಹೊಯ್ದ ನೀರು ಮೈಯ ಕೊಳೆ ತೊಳೆದುಕೊಂಡು ಬಚ್ಚಲ ತೂಬಿನಿಂದ ಬಾಳೆಯ ಬುಡಕ್ಕೆ ಹೋಗುತ್ತದೆ. ಹೋದ ನೀರು ತಿರುಗಿ ನಮ್ಮ ಮೈಗೆ ಬರುವುದಿಲ್ಲ.

2023ರ ದಸರಾ ರಜೆಯಲ್ಲಿ ಬೆಂಗಳೂರಿನಿಂದ ಮಗಳು, ಅಳಿಯ, ಇಬ್ಬರು ಮೊಮ್ಮಕ್ಕಳು ಬಂದಿದ್ದರು. ಮಕ್ಕಳಿಗೆ ವಯನಾಡು ನೋಡಬೇಕು. ನಾವಿಬ್ಬರು, ನನ್ನ ಅಕ್ಕ, ಭಾವ ಎಲ್ಲರೂ ಸೇರಿ ಒಂದು ಬಾಡಿಗೆ ವ್ಯಾನು ಮಾಡಿ, ಕಣ್ಣೂರು ದಾಟಿ ಘಾಟಿ ಹತ್ತಿದೆವು. ಭಾವನಿಗೆ ಆಗ 72 ವರ್ಷ. ನಲುವತ್ತು ವರ್ಷ ಬೀಡಿ ಸೇದಿ, ಸಕ್ಕರೆ ಕಾಯಿಲೆ ಬಂದ ಮೇಲೆ ಬಿಟ್ಟವರು. ಬಿಟ್ಟದ್ದು ಬೀಡಿಯನ್ನು, ಕೆಮ್ಮು ಅವರನ್ನು ಬಿಟ್ಟಿರಲಿಲ್ಲ.

ಉಳಿದುಕೊಂಡದ್ದು ಒಂದು ರೆಸಾರ್ಟಿನಲ್ಲಿ. ಹೆಸರು ಬೇಡ. ಚಹಾ ತೋಟದ ನಡುವೆ ಒಳ್ಳೆಯ ಜಾಗ, ಒಳ್ಳೆಯ ಊಟ, ಮರ್ಯಾದಸ್ಥ ಕೆಲಸಗಾರರು. ಈಜುಕೊಳದ ಪಕ್ಕದಲ್ಲಿ ಆರೇಳು ಜನ ಕುತ್ತಿಗೆಯವರೆಗೆ ಮುಳುಗಿ ಕುಳಿತುಕೊಳ್ಳುವಂಥ ಒಂದು ದುಂಡನೆಯ ತೊಟ್ಟಿ. ಹಾಟ್ ಟಬ್ ಎಂದು ಮಕ್ಕಳು ಹೇಳಿದರು. ಗುಂಡಿ ಒತ್ತಿದರೆ ಅಡಿಯಿಂದಲೂ ಬದಿಯಿಂದಲೂ ನೀರು ರಭಸದಿಂದ ಚಿಮ್ಮಿ ನೊರೆನೊರೆಯಾಗಿ ಉಕ್ಕುತ್ತದೆ, ಮೇಲೆ ಹಬೆ ಏಳುತ್ತದೆ. ಹೊರಗೆ ಮಂಜು, ಚಳಿ. ಆ ಹೊತ್ತಿಗೆ ಅದರೊಳಗೆ ಕಾಲಿಟ್ಟವನು ಎದ್ದು ಬರುವುದುಂಟೇ? ನಾವು ಅರ್ಧ ಗಂಟೆ ಕುಳಿತೆವು. ಭಾವ ಒಂದು ಗಂಟೆಗೂ ಮೇಲೆ ಕುಳಿತರು. ಬೆನ್ನು ನೋವಿಗೆ ಇದಕ್ಕಿಂತ ಮದ್ದಿಲ್ಲ ಎಂದು ಮರುದಿನ ಸಂಜೆಯೂ ಹೋದರು. ಆ ದಿನ ನಮಗಿಂತ ಮೊದಲು ಎರಡು ತಂಡಗಳು ಅದರಲ್ಲಿ ಕುಳಿತು ಎದ್ದಿದ್ದವು. ನೀರು ಸ್ವಲ್ಪ ಮಬ್ಬಾಗಿತ್ತು. ತೊಟ್ಟಿಯ ಅಂಚು ಕೈಗೆ ಲೋಳೆಯಂತೆ ಜಾರುತ್ತಿತ್ತು. ಅದು ಸಾಬೂನು ಇರಬಹುದು ಎಂದುಕೊಂಡೆ.

ಊರಿಗೆ ಮರಳಿದ ದಿನವೇ ನನಗೂ ದೊಡ್ಡ ಮೊಮ್ಮಗನಿಗೂ ಸೊಂಟದ ಸುತ್ತ, ತೊಡೆಯ ಮೇಲೆ, ಚಡ್ಡಿ ತಾಗುವಲ್ಲೆಲ್ಲ ಕೆಂಪು ಬೊಕ್ಕೆಗಳು ಎದ್ದವು. ಕೆಲವದರ ತುದಿಯಲ್ಲಿ ಕೀವು, ವಿಪರೀತ ತುರಿಕೆ. ಅಕ್ಕ ಕೆಸ್ಕಾರ ಎಂದಳು, ಹೆಂಡತಿ ಸೊಳ್ಳೆ ಎಂದಳು. ಒಂದು ವಾರದಲ್ಲಿ ಅದು ತಾನಾಗಿ ಆರಿತು. ಇದು ಸ್ಯೂಡೊಮೊನಾಸ್ ಎಂಬ ರೋಗಾಣು ಕೂದಲಿನ ಬುಡದಲ್ಲಿ ಮಾಡುವ ಕಿತಾಪತಿ ಎಂದು ಆಮೇಲೆ ಗೊತ್ತಾಯಿತು. ಬಿಸಿನೀರ ತೊಟ್ಟಿಯಲ್ಲಿ ಕುಳಿತವರಿಗೆ ಕೆಲವು ಗಂಟೆಗಳಿಂದ ಕೆಲವು ದಿನಗಳ ಒಳಗೆ ಬರುವ ಅತಿ ಸಾಮಾನ್ಯ ಬಾಧೆ ಇದೇ ಅಂತೆ. ಒದ್ದೆ ಚಡ್ಡಿಯಲ್ಲೇ ಕುಳಿತಿದ್ದರೆ ಹೆಚ್ಚು. ಇದೇ ರೋಗಾಣು ಕಿವಿಗೆ ಇಳಿದರೆ ಕಿವಿನೋವು. ಹೆಚ್ಚಿನವರಿಗೆ ಇದು ಇಷ್ಟರಲ್ಲೇ ಮುಗಿಯುತ್ತದೆ.

ಭಾವನದು ಇಷ್ಟರಲ್ಲಿ ಮುಗಿಯಲಿಲ್ಲ.

ಆ ಶುಕ್ರವಾರ, ಅಂದರೆ ಮೊದಲು ತೊಟ್ಟಿಯಲ್ಲಿ ಕುಳಿತ ಆರನೆಯ ದಿನ, ಅವರಿಗೆ ಚಳಿ ಬಿಟ್ಟು ಜ್ವರ ಬಂತು. ಮೈಕೈ ನೋವು, ಒಣಕೆಮ್ಮು, ಜೊತೆಗೆ ಭೇದಿ. ಊರಿನ ಕ್ಲಿನಿಕ್ಕಿನಲ್ಲಿ ಮಾತ್ರೆ ತಂದೆವು. ಭಾನುವಾರ ಬೆಳಿಗ್ಗೆ ಅವರು ಮಂಚದ ಮೇಲೆ ಎದ್ದು ಕುಳಿತು, "ಅಪ್ಪ ಅಂಗಳದಲ್ಲಿ ನಿಂತಿದ್ದಾರೆ, ಒಳಗೆ ಕರೆಯಿರಿ" ಎಂದರು. ಅವರ ಅಪ್ಪ ತೀರಿಕೊಂಡು ಮೂವತ್ತು ವರ್ಷ ಕಳೆದಿತ್ತು. ಅಕ್ಕ ಅಳತೊಡಗಿದಳು. ನಾವು ಕಾರಿನಲ್ಲಿ ಮಲಗಿಸಿಕೊಂಡು ಮಂಗಳೂರಿಗೆ ಓಡಿದೆವು. ಕಾಸರಗೋಡಿನವರಿಗೆ ದೊಡ್ಡ ಕಾಯಿಲೆ ಬಂದರೆ ತಲಪಾಡಿ ದಾಟುವುದೇ ದಾರಿ.

ಎಕ್ಸ್‌ರೇ ತೆಗೆದರು. ನ್ಯುಮೋನಿಯಾ ಎಂದರು. ದಾಖಲು ಮಾಡುವಾಗ ಡಾಕ್ಟರು ನನ್ನನ್ನು ಹಲವು ಪ್ರಶ್ನೆ ಕೇಳಿದರು. ಸಕ್ಕರೆ ಉಂಟಾ? ಉಂಟು. ಬೀಡಿ? ಬಿಟ್ಟಿದ್ದಾರೆ. ಮನೆಯಲ್ಲಿ ಬೇರೆ ಯಾರಿಗಾದರೂ ಜ್ವರ? ಇಲ್ಲ. ಇತ್ತೀಚೆಗೆ ಪ್ರಯಾಣ ಏನಾದರೂ ಮಾಡಿದ್ದಾರಾ?

ನಾನು ಇಲ್ಲ ಎಂದೆ.

ಸುಳ್ಳು ಹೇಳಬೇಕೆಂದು ಹೇಳಿದ್ದಲ್ಲ. ನಮ್ಮ ಜಿಲ್ಲೆಯಲ್ಲಿ ಪ್ರಯಾಣ ಎಂದರೆ ಗಲ್ಫಿಗೆ ಹೋಗುವುದು. ಕೋವಿಡ್ ಕಾಲದಲ್ಲಿ ಆಸ್ಪತ್ರೆಯವರು ಈ ಪ್ರಶ್ನೆಯನ್ನು ಆ ಅರ್ಥದಲ್ಲೇ ಕೇಳಿದ್ದನ್ನು ನಾನು ಕೇಳಿದ್ದೆ. ಮನೆಯವರೆಲ್ಲ ಸೇರಿ ಮೂರು ದಿನ ವಯನಾಡಿಗೆ ಹೋಗಿ ಬಂದದ್ದನ್ನು ನನ್ನ ಮನಸ್ಸು ಪ್ರಯಾಣವೆಂದು ಎಣಿಸಲೇ ಇಲ್ಲ. ಡಾಕ್ಟರು "ಇಲ್ಲ" ಎಂದು ಬರೆದುಕೊಂಡರು. ಸಾಮಾನ್ಯ ನ್ಯುಮೋನಿಯಾಕ್ಕೆ ಕೊಡುವ ಇಂಜೆಕ್ಷನ್ ಶುರುವಾಯಿತು. ಸೋಮವಾರ ಜ್ವರ ಇಳಿಯಲಿಲ್ಲ. ಮಂಗಳವಾರ ಉಸಿರಾಟ ಕಷ್ಟವಾಗಿ ಐ.ಸಿ.ಯು.ಗೆ ಸೇರಿಸಿದರು.

ಬುಧವಾರ ಬೆಳಿಗ್ಗೆ ಬೇರೊಬ್ಬ ಕಿರಿಯ ಡಾಕ್ಟರು, ಹೆಣ್ಣುಮಗಳು, ಹೊರಗೆ ಬಂದು ಬೆಂಚಿನಲ್ಲಿ ನನ್ನ ಪಕ್ಕ ಕುಳಿತರು. ಅವರು ಪ್ರಯಾಣ ಎಂಬ ಮಾತನ್ನೇ ಎತ್ತಲಿಲ್ಲ. "ಅಂಕಲ್, ಜ್ವರ ಬರುವ ಮೊದಲಿನ ಎರಡು ವಾರ ಇವರು ಎಲ್ಲೆಲ್ಲಿ ಮಲಗಿದ್ದರು, ಎಲ್ಲೆಲ್ಲಿ ಸ್ನಾನ ಮಾಡಿದ್ದರು, ಹೇಳಿ" ಎಂದರು. ಆಗ ನಾನು ವಯನಾಡು ಎಂದೆ. ತೊಟ್ಟಿ ಎಂದೆ. ಅವರು ಅಲ್ಲಿಂದ ಎದ್ದು ಹೋದ ವೇಗ ನನಗೆ ಇನ್ನೂ ಕಣ್ಣಿಗೆ ಕಟ್ಟಿದಂತಿದೆ. ಮೂತ್ರದ ಒಂದು ಪರೀಕ್ಷೆ ಮಾಡಿಸಿದರು. ಔಷಧಿ ಅದಕ್ಕೂ ಮೊದಲೇ ಬದಲಾಯಿಸಿದರು. ಸಂಜೆಗೆ ಫಲಿತಾಂಶ ಬಂತು. ಲೀಜಿಯೊನೆಲ್ಲಾ.

ಈ ಹೆಸರು ನಾನು ಕೇಳಿದ್ದು ಅದೇ ಮೊದಲು. ಆ ಮೇಲೆ ಆಸ್ಪತ್ರೆಯ ಬೆಂಚಿನಲ್ಲಿ ಕುಳಿತು ಮಗಳ ಫೋನಿನಲ್ಲಿ ಓದಿದ್ದಕ್ಕೂ, ಆ ಡಾಕ್ಟರಮ್ಮ ಬಿಡುವಿನಲ್ಲಿ ಹೇಳಿದ್ದಕ್ಕೂ ಲೆಕ್ಕವಿಲ್ಲ. 1976ರ ಜುಲೈಯಲ್ಲಿ ಅಮೆರಿಕದ ಫಿಲಡೆಲ್ಫಿಯಾದ ಒಂದು ದೊಡ್ಡ ಹೋಟೆಲಿನಲ್ಲಿ ಅಮೆರಿಕನ್ ಲೀಜನ್ ಎಂಬ ಮಾಜಿ ಸೈನಿಕರ ಸಂಘದ ಸಮ್ಮೇಳನ ನಡೆಯಿತು. ಮುಗಿಸಿ ಊರಿಗೆ ಹೋದವರು ಒಬ್ಬೊಬ್ಬರಾಗಿ ನ್ಯುಮೋನಿಯಾದಿಂದ ಮಲಗಿದರು. ಹೋಟೆಲಿನ ಹೊರಗಿನ ರಸ್ತೆಯಲ್ಲಿ ಓಡಾಡಿದವರೂ ಸೇರಿ ಒಟ್ಟು 34 ಮಂದಿ ಸತ್ತರು. ಕಾರಣ ಯಾರಿಗೂ ತಿಳಿಯಲಿಲ್ಲ, ವಿಷವೆಂದೂ ಸಂಚೆಂದೂ ಸುದ್ದಿ ಹಬ್ಬಿತು. ಅಟ್ಲಾಂಟಾದ ಸರಕಾರಿ ಪ್ರಯೋಗಾಲಯದ ಜೋಸೆಫ್ ಮೆಕ್‌ಡೇಡ್ ಎಂಬ ವಿಜ್ಞಾನಿ ತಮ್ಮ ಹಳೆಯ ಗಾಜಿನ ಫಲಕಗಳನ್ನು ಮತ್ತೊಮ್ಮೆ ನೋಡಲು ಕುಳಿತದ್ದರಿಂದ 1977ರ ಜನವರಿಯಲ್ಲಿ ಆ ರೋಗಾಣು ಪ್ರಕಟವಾಯಿತು. ಸೈನಿಕರ ಸಂಘದ ಹೆಸರೇ ಅದಕ್ಕೆ ಬಿತ್ತು.

ಈ ರೋಗಾಣು ಹೊಸತಲ್ಲ. ಹೊಳೆಯಲ್ಲೂ ಕೆರೆಯಲ್ಲೂ ಸ್ವಲ್ಪ ಸ್ವಲ್ಪ ಇದ್ದೇ ಇದೆ. ಅಲ್ಲಿ ಅದರಿಂದ ತೊಂದರೆ ಅಪರೂಪ. ಅದಕ್ಕೆ ಹಿತವಾದದ್ದು ಬೆಚ್ಚಗಿನ ನೀರು. 20ರಿಂದ 45 ಡಿಗ್ರಿಯ ನಡುವೆ ಅದು ಬೆಳೆಯುತ್ತದೆ. ನಮ್ಮ ಹಂಡೆಯಲ್ಲಿ ಕುದಿ ಬಂದ ನೀರಿನಲ್ಲಿ ಅದು ಸಾಯುತ್ತದೆ. ತೊಟ್ಟಿಯ ನೀರನ್ನೋ, ಮನುಷ್ಯ ಕುಳಿತುಕೊಳ್ಳಬೇಕಾದ್ದರಿಂದ, 40 ಡಿಗ್ರಿಗಿಂತ ಮೇಲೆ ಕಾಯಿಸುವಂತಿಲ್ಲ. ನಮಗೆ ಯಾವುದು ಹಿತವೋ ಅದಕ್ಕೂ ಅದೇ ಹಿತ. ಇನ್ನು, ಆ ನೀರನ್ನು ಕುಡಿದರೆ ಬರುವ ರೋಗ ಇದಲ್ಲ. ನೊರೆಯುಕ್ಕುವಾಗ ಏಳುವ ಕಣ್ಣಿಗೆ ಕಾಣದಷ್ಟು ಸಣ್ಣ ಹನಿಗಳನ್ನು ಉಸಿರಿನೊಡನೆ ಎಳೆದುಕೊಂಡಾಗ ಅದು ಶ್ವಾಸಕೋಶಕ್ಕೆ ಇಳಿಯುತ್ತದೆ. ನಾವು ಹಬೆ ಎಂದು ಹಿಗ್ಗಿ ಮೂಗೊಡ್ಡಿದ್ದು ಅದಕ್ಕೆ.

ಉಸಿರಾಡಿದರೆ ಸಾಕು, ನೀರಿಗಿಳಿಯಬೇಕೆಂದೂ ಇಲ್ಲ. 1999ರ ಫೆಬ್ರವರಿಯಲ್ಲಿ ಹಾಲೆಂಡಿನ ಬೊವೆನ್‌ಕಾರ್ಸ್ಪೆಲ್ ಎಂಬ ಊರಿನಲ್ಲಿ ದೊಡ್ಡ ಪುಷ್ಪ ಪ್ರದರ್ಶನ ನಡೆಯಿತು. ಹೂವಿನ ಜೊತೆಗೆ ಮನೆಬಳಕೆಯ ಸಾಮಾನುಗಳ ಮಳಿಗೆಗಳೂ ಇದ್ದವು. ಒಂದರಲ್ಲಿ ಇಂಥ ನೊರೆಯುಕ್ಕುವ ತೊಟ್ಟಿಯನ್ನು ನೀರು ತುಂಬಿಸಿ, ಕಾಯಿಸಿ, ನೋಡುವವರಿಗೆಂದು ಓಡಿಸುತ್ತಿದ್ದರು. ಯಾರೂ ಸ್ನಾನ ಮಾಡುವುದಿಲ್ಲವಲ್ಲ, ಕ್ಲೋರಿನ್ ಏಕೆ ಎಂದು ಬಿಟ್ಟಿದ್ದರು. ಹೂ ನೋಡುತ್ತ ಅದರ ಪಕ್ಕದಲ್ಲಿ ನಡೆದು ಹೋದವರಲ್ಲಿ ನೂರಾರು ಮಂದಿ ಕಾಯಿಲೆ ಬಿದ್ದರು, ಸುಮಾರು 30 ಮಂದಿ ತೀರಿಕೊಂಡರು. ಹೆಚ್ಚಿನವರು ಪ್ರಾಯ ಸಂದವರು. ಇಪ್ಪತ್ತು ವರ್ಷ ಕಳೆದು 2019ರ ಸೆಪ್ಟೆಂಬರಿನಲ್ಲಿ ಅಮೆರಿಕದ ಉತ್ತರ ಕೆರೊಲಿನಾದ ಒಂದು ಜಾತ್ರೆಯಲ್ಲಿ ಇದೇ ಕಥೆ. ಮಾರಾಟಕ್ಕಿಟ್ಟ ಬಿಸಿನೀರ ತೊಟ್ಟಿಗಳು, ಪಕ್ಕದಲ್ಲಿ ಹಾದುಹೋದ ಜನ, 130ಕ್ಕೂ ಹೆಚ್ಚು ರೋಗಿಗಳು, 4 ಸಾವು.

ಹಾಗಾದರೆ ಈಜುಕೊಳದಲ್ಲಿ ಇಲ್ಲದ ಭಯ ತೊಟ್ಟಿಯಲ್ಲಿ ಏಕೆ ಎಂದು ನೀವು ಕೇಳಬಹುದು. ನಾನೂ ಕೇಳಿದೆ. ಎರಡರಲ್ಲೂ ಕಾವಲುಗಾರ ಒಬ್ಬನೇ, ಕ್ಲೋರಿನ್. ನೀರು ಬಿಸಿಯಾದಷ್ಟೂ, ಗಾಳಿ ಬೆರೆಸಿ ಕುದಿಸಿದಷ್ಟೂ ಕ್ಲೋರಿನ್ ಬೇಗ ಹಾರಿಹೋಗುತ್ತದೆ. ಉಳಿದದ್ದನ್ನು ಕುಳಿತವರ ಬೆವರು, ಎಣ್ಣೆ, ಮೈಯ ಕೊಳೆ ತಿಂದುಹಾಕುತ್ತದೆ. ಈಜುಕೊಳದಲ್ಲಿ ಲಕ್ಷಗಟ್ಟಲೆ ಲೀಟರು ನೀರಿಗೆ ಹತ್ತು ಜನ, ಇಲ್ಲಿ ಸಾವಿರ ಒಂದೂವರೆ ಸಾವಿರ ಲೀಟರಿಗೆ ಆರು ಜನ. ನೀರು ಪಂಪಿನಿಂದ ಸೋಸುಕಕ್ಕೆ, ಸೋಸುಕದಿಂದ ಮತ್ತೆ ನಮ್ಮ ಮೈಗೆ ಸುತ್ತುತ್ತಲೇ ಇರುತ್ತದೆ. ಪೈಪಿನ ಒಳಗೋಡೆಗೆ ಲೋಳೆ ಹಿಡಿದರೆ ರೋಗಾಣು ಅದರಡಿಯಲ್ಲಿ ಅಡಗಿ ಕೂರುತ್ತದೆ, ಮೇಲಿನ ಕ್ಲೋರಿನ್ ಅಲ್ಲಿಗೆ ಸುಲಭವಾಗಿ ಮುಟ್ಟುವುದಿಲ್ಲ. ಆದ್ದರಿಂದ ಬೆಳಿಗ್ಗೆ ಒಮ್ಮೆ ಔಷಧಿ ಹಾಕಿದೆ ಎಂದರೆ ಸಂಜೆಗೆ ಅದು ಇರುತ್ತದೆ ಎನ್ನುವಂತಿಲ್ಲ. ದಿನಕ್ಕೆ ಹಲವು ಸಲ ಅಳೆಯಬೇಕು, ನೀರನ್ನೇ ಆಗಾಗ ಪೂರ್ತಿ ಬದಲಿಸಬೇಕು, ಸೋಸುಕವನ್ನು ತೊಳೆಯಬೇಕು. ತೊಟ್ಟಿಯ ನೀರಿನಲ್ಲಿ ದಶಲಕ್ಷಕ್ಕೆ 3 ಪಾಲಾದರೂ ಕ್ಲೋರಿನ್ ಇರಬೇಕು, ಈಜುಕೊಳಕ್ಕೆ ಅಷ್ಟು ಬೇಡ ಎಂದು ಅಮೆರಿಕದ ಆರೋಗ್ಯ ಇಲಾಖೆ ಹೇಳುತ್ತದೆ.

ಇದರಲ್ಲಿ ಒಂದು ತಪ್ಪು ತಿಳುವಳಿಕೆ ನಮ್ಮಲ್ಲಿ ಬಹಳ ಮಂದಿಗೆ ಉಂಟು. ಮೂಗಿಗೆ ಅಡರುವಂತೆ ಔಷಧಿಯ ವಾಸನೆ ಬಂದರೆ ನೀರು ಚೊಕ್ಕಟ ಎಂದುಕೊಳ್ಳುತ್ತೇವೆ. ಆ ಘಾಟು ಕ್ಲೋರಿನ್ ಬೆವರು ಮೂತ್ರಗಳ ಜೊತೆ ಕೂಡಿ ಕೆಟ್ಟಾಗ ಏಳುವ ವಾಸನೆ. ಚೆನ್ನಾಗಿ ನೋಡಿಕೊಂಡ ನೀರಿನಲ್ಲಿ ಘಾಟು ಅಷ್ಟಾಗಿ ಇರುವುದಿಲ್ಲ. ತಳ ಸ್ವಚ್ಛವಾಗಿ ಕಾಣಬೇಕು, ಅಂಚು ಕೈಗೆ ಜಾರಬಾರದು. ಜಾರಿದರೆ ಅದು ಸಾಬೂನಲ್ಲ. ಇನ್ನು ನಾವು ಮಾಡಬೇಕಾದ್ದೂ ಉಂಟಲ್ಲ. ಇಳಿಯುವ ಮೊದಲು ಸಾಬೂನು ಹಾಕಿ ಸ್ನಾನ ಮಾಡಬೇಕು. ತೆಂಗಿನೆಣ್ಣೆ ಹಚ್ಚಿದ ತಲೆಯಲ್ಲಿ, ದಾರಿಯ ಬೆವರಿನಲ್ಲಿ ಹಾಗೆಯೇ ಇಳಿದರೆ ಕ್ಲೋರಿನ್ನನ್ನು ನಾವೇ ಮುಗಿಸಿದ ಹಾಗೆ. ಭೇದಿಯಾಗುವವರು ಇಳಿಯಲೇಬಾರದು. ಭೇದಿ ತರುವ ಒಂದು ಜಾತಿಯ ರೋಗಾಣು ಕ್ಲೋರಿನ್ನಿಗೂ ದಿನಗಟ್ಟಲೆ ಜಗ್ಗುವುದಿಲ್ಲ. ಬಾಯಿಗೆ ನೀರು ತೆಗೆದುಕೊಳ್ಳಬಾರದು. ಮೇಲೆದ್ದ ಮೇಲೆ ಒದ್ದೆ ಬಟ್ಟೆ ಕಳಚಿ ಮತ್ತೊಮ್ಮೆ ಮೈ ತೊಳೆಯಬೇಕು.

ಐವತ್ತು ದಾಟಿದವರು, ಬೀಡಿ ಸಿಗರೇಟು ಸೇದುವವರು ಅಥವಾ ಸೇದಿ ಬಿಟ್ಟವರು, ದಮ್ಮು, ಸಕ್ಕರೆ, ಮೂತ್ರಪಿಂಡದ ಕಾಯಿಲೆ ಇರುವವರು, ಕ್ಯಾನ್ಸರಿಗೆ ಔಷಧಿ ತೆಗೆದುಕೊಳ್ಳುವವರು, ಇವರು ನನ್ನ ಮಾತು ಕೇಳುವುದಾದರೆ ಆ ತೊಟ್ಟಿಯ ಹತ್ತಿರವೇ ಹೋಗುವುದು ಬೇಡ. ಮಕ್ಕಳು ಮುನಿಸಿಕೊಂಡರೆ ಮುನಿಸಿಕೊಳ್ಳಲಿ.

ಈಗ ನನ್ನ ತಪ್ಪಿನ ವಿಷಯಕ್ಕೆ ಮತ್ತೆ ಬರುತ್ತೇನೆ. ಲೀಜಿಯೊನೆಲ್ಲಾ ನಮ್ಮ ಜೀವಕೋಶದ ಒಳಗೆ ಹೊಕ್ಕು ಕೂರುವ ಜಾತಿ. ಪೆನಿಸಿಲಿನ್ ವರ್ಗದ ಔಷಧಿಗಳು ಅದಕ್ಕೆ ನಾಟುವುದಿಲ್ಲ. ಅಜಿತ್ರೊಮೈಸಿನ್, ಲೀವೊಫ್ಲಾಕ್ಸಸಿನ್ ಇಂಥವು ಬೇಕು. ಹೆಸರು ಕೇಳಿದಿರೆಂದು ಅಂಗಡಿಯಿಂದ ತಂದು ನುಂಗಬೇಡಿ, ಅದನ್ನು ತೀರ್ಮಾನಿಸುವವರು ಡಾಕ್ಟರು. ಆದರೆ ಅವರಿಗೆ ಹೇಗೆ ಗೊತ್ತಾಗಬೇಕು? ಎಕ್ಸ್‌ರೇಯಲ್ಲಿ ಎಲ್ಲ ನ್ಯುಮೋನಿಯಾವೂ ಹೆಚ್ಚುಕಡಿಮೆ ಒಂದೇ ರೀತಿ ಕಾಣುತ್ತದಂತೆ. ರೋಗ ಒಬ್ಬರಿಂದ ಒಬ್ಬರಿಗೆ ಹರಡುವುದಿಲ್ಲ, ಆದ್ದರಿಂದ ಮನೆಯಲ್ಲಿ ಬೇರೆ ಯಾರಿಗೂ ಜ್ವರ ಇರುವುದಿಲ್ಲ. ನೀರಿನ ಹತ್ತಿರ ಹೋದ ಎರಡರಿಂದ ಹದಿನಾಲ್ಕು ದಿನಗಳೊಳಗೆ ಜ್ವರ ಬರುವುದರಿಂದ ಅಷ್ಟರಲ್ಲಿ ಪ್ರವಾಸ ಮುಗಿದು ಫೋಟೋ ತೋರಿಸಿಯೂ ಆಗಿರುತ್ತದೆ. ಸುಳಿವು ಇರುವುದು ರೋಗಿಯ ಕಡೆಯವರ ಬಾಯಲ್ಲಿ ಮಾತ್ರ.

ಬ್ಯಾಂಕಿನಲ್ಲಿ ನಾನು ಗಿರಾಕಿಗಳ ಮೇಲೆ ಎಷ್ಟು ರೇಗುತ್ತಿದ್ದೆ ಎಂದು ನನ್ನ ಜೊತೆ ಕೆಲಸ ಮಾಡಿದವರಿಗೆ ಗೊತ್ತು. ಚಲನಿನಲ್ಲಿ ಮೊತ್ತ ಬರೆಯುತ್ತಾರೆ, ವಿವರದ ಜಾಗ ಖಾಲಿ ಬಿಡುತ್ತಾರೆ. ವಿವರ ಇಲ್ಲದ ಹಣವನ್ನು ಯಾವ ಖಾತೆಗೆ ಹಾಕುವುದು? ಸಸ್ಪೆನ್ಸ್ ಅಕೌಂಟಿನಲ್ಲಿಟ್ಟು ಕಾಯಬೇಕು. ಭಾವನ ಕೇಸ್ ಶೀಟಿನಲ್ಲಿ ಆ ಜಾಗವನ್ನು ಖಾಲಿ ಬಿಟ್ಟವನು ನಾನು. ಖಾಲಿ ಎಂದರೂ ತಪ್ಪು, ಇಲ್ಲ ಎಂದು ತುಂಬಿಸಿದವನು. ಭಾನುವಾರದಿಂದ ಬುಧವಾರದವರೆಗೆ ಅವರು ತಮಗೆ ನಾಟದ ಔಷಧಿಯಲ್ಲಿ ಮಲಗಿದ್ದರು. ಈ ರೋಗ ಬಂದ ಹತ್ತರಲ್ಲಿ ಒಬ್ಬರು ಉಳಿಯುವುದಿಲ್ಲ, ಔಷಧಿ ತಡವಾದಷ್ಟೂ ಅಪಾಯ ಹೆಚ್ಚು ಎಂದು ಆ ಡಾಕ್ಟರಮ್ಮ ಹೇಳಿದಾಗ ನನಗೆ ಅಕ್ಕನ ಮುಖ ನೋಡಲು ಆಗಲಿಲ್ಲ.

ಭಾವ ಉಳಿದರು. ಹತ್ತೊಂಬತ್ತು ದಿನ ಆಸ್ಪತ್ರೆ. ಮನೆಗೆ ಬಂದ ಮೇಲೂ ಅಡಿಕೆ ತೋಟದ ಮೆಟ್ಟಿಲು ಇಳಿದು ಹತ್ತಲು ಆರು ತಿಂಗಳು ಹಿಡಿಯಿತು. ಈಗಲೂ ಮೇಲಿನ ಮೆಟ್ಟಿಲಲ್ಲಿ ಒಮ್ಮೆ ನಿಲ್ಲುತ್ತಾರೆ. ಅಕ್ಕನಿಗೆ ನಾನು ವಿಷಯವನ್ನೆಲ್ಲ ಹೇಳಿದೆ. ಅವಳು ಕೇಳಿ, ಏನೂ ಅನ್ನದೆ, ಚಹಾ ಮಾಡಲು ಒಳಗೆ ಹೋದಳು.

ಆ ತೊಟ್ಟಿಯೇ ಕಾರಣವೆಂದು ನಾನು ಪ್ರಮಾಣ ಮಾಡಲಾರೆ. ರೆಸಾರ್ಟಿಗೆ ಅಳಿಯ ಫೋನ್ ಮಾಡಿದಾಗ, ತೊಟ್ಟಿ ಖಾಲಿ ಮಾಡಿ ತೊಳೆದಾಗಿದೆ ಎಂದರು. ಆ ನೀರಿನ ಪರೀಕ್ಷೆ ಆಗಲಿಲ್ಲ. ಬಹಳ ದಿನ ಬಳಸದೆ ಬಿಟ್ಟ ಕೋಣೆಯ ಶವರಿನಲ್ಲೂ ಈ ರೋಗಾಣು ಇರಬಹುದು. ಅದಕ್ಕೆ ಈಗ ನಾವು ಹೊರಗೆ ಎಲ್ಲಿ ಉಳಿದರೂ ಮೊದಲು ಶವರನ್ನು ಕೆಲವು ನಿಮಿಷ ಸುಮ್ಮನೆ ಬಿಟ್ಟು ಹೊರಗೆ ಬಂದು ನಿಲ್ಲುತ್ತೇವೆ.

ಈ ವಿಷಯ ಮಾತಾಡಿದಾಗಲೆಲ್ಲ ನಮ್ಮೂರಿನವರು ಕೇಳುವುದು ಮಿದುಳಿಗೆ ಬರುವ ಅಮೀಬಾ ಜ್ವರದ ಬಗ್ಗೆ. ಕೇರಳದಲ್ಲಿ 2024 ಮತ್ತು 2025ರಲ್ಲಿ ಅದರ ಸುದ್ದಿ ಎಷ್ಟು ಬಂತೆಂದು ನಿಮಗೆ ಗೊತ್ತೇ ಇದೆ. ಅದು ಬೇರೆ. ಬೆಚ್ಚಗಿನ ಸಿಹಿನೀರು ರಭಸದಿಂದ ಮೂಗಿನ ಮೇಲ್ಭಾಗಕ್ಕೆ ಹೊಕ್ಕಾಗ ಬರುವಂಥದ್ದು, ಕುಡಿದರೆ ಬರುವುದಿಲ್ಲ, ಬಹಳ ಅಪರೂಪ, ಬಂದರೆ ಬಹಳ ಕಠಿಣ. ಪುತ್ತೂರಿನ ಹತ್ತಿರ ಇರ್ದೆಯ ಬೆಂದ್ರುತೀರ್ಥಕ್ಕೆ ಹೋಗಬಹುದೋ ಎಂದು ಒಬ್ಬರು ಕೇಳಿದರು. ಹೋಗಿ, ಕೈಕಾಲು ತೊಳೆಯಿರಿ, ಬಿಸಿನೀರ ಬುಗ್ಗೆ ಇರಲಿ, ಕೆರೆ ಇರಲಿ, ಮೂಗಿಗೆ ನೀರು ಹೋಗುವಂತೆ ಮುಳುಗುವುದು ಬೇಡ ಎಂದೆ. ಅಲ್ಲೂ ಆಮೇಲೆ ಜ್ವರ, ತಲೆನೋವು ಬಂದರೆ ಡಾಕ್ಟರಿಗೆ ಮೊದಲು ಹೇಳಬೇಕಾದ್ದು ನೀರಿಗಿಳಿದ ವಿಷಯವನ್ನೇ.

2025ರ ಮೇ ತಿಂಗಳಲ್ಲಿ ಮಗಳು ಮತ್ತೆ ಎಲ್ಲರನ್ನೂ ಹೊರಡಿಸಿದಳು. ಬೇರೆ ಊರು, ಬೇರೆ ಜಾಗ. ಭಾವನೂ ಬಂದರು. ಅಲ್ಲಿಯೂ ತೊಟ್ಟಿ ಇತ್ತು. ಮಗಳು ಬೆಂಗಳೂರಿನಿಂದ ನೀರು ಪರೀಕ್ಷಿಸುವ ಕಾಗದದ ಪಟ್ಟಿಗಳನ್ನು ತಂದಿದ್ದಳು. ನೀರಿಗೆ ಅದ್ದಿದರೆ ಕ್ಲೋರಿನ್ ಎಷ್ಟಿದೆ ಎಂದು ಬಣ್ಣದಿಂದ ತಿಳಿಯುತ್ತದೆ. ಅದ್ದಿದಳು. ಬಣ್ಣ ಏರಲೇ ಇಲ್ಲ. ಮ್ಯಾನೇಜರರು, ಪಾಪ, ಸಣ್ಣ ಪ್ರಾಯದವರು, ಗಾಬರಿಯಾಗಿ, "ನಾವು ದಿನಕ್ಕೆ ನಾಲ್ಕು ಸಲ ನೋಡುತ್ತೇವೆ ಸಾರ್, ರಿಜಿಸ್ಟರ್ ಉಂಟು" ಎಂದು ಓಡಿಹೋಗಿ ಪುಸ್ತಕ ತಂದರು. ಪುಸ್ತಕ ನನ್ನ ಕೈಗೆ ಬಂತು. ಒಂದು ವಾರದ ಅಂಕಿಗಳೆಲ್ಲ ಒಂದೇ ಪೆನ್ನು, ಒಂದೇ ಕೈಬರಹ, ಒಂದೇ ಸಂಖ್ಯೆ. ಕೆಳಗೆ ನೋಡಿದರೆ ಮರುದಿನ ಬೆಳಗಿನ ಅಂಕಿಯನ್ನೂ ಬರೆದು ಸಹಿ ಹಾಕಿ ಆಗಿತ್ತು. ನಾನು ಬೆರಳಿಟ್ಟು ತೋರಿಸಿದೆ. ಅವರು ಏನೂ ಹೇಳಲಿಲ್ಲ.

ಮಕ್ಕಳು ಒಂದು ಗಂಟೆ ಮುಖ ಊದಿಸಿಕೊಂಡರು. ಭಾವ ಆ ಮ್ಯಾನೇಜರರನ್ನೇ ಕರೆದು, ಎರಡು ಬಕೆಟ್ ಸುಡುವ ಬಿಸಿನೀರೂ ಒಂದು ಚೆಂಬೂ ಸಿಗಬಹುದೋ ಎಂದು ವಿಚಾರಿಸಿದರು. ನೀರು ಬಂತು. ಚೆಂಬು ಅಲ್ಲಿ ಇರಲಿಲ್ಲ, ಪ್ಲಾಸ್ಟಿಕ್ ಮಗ್ ಕೊಟ್ಟರು.